ನಾಲಿಗೆಗೆ ಒಗರು, ತೊಗಲಿಗೆ ಹದ, ಬಟ್ಟೆಗೆ ಬಣ್ಣ

ಅಡಿಕೆ ಸುಗ್ಗಿಯ ಹೊತ್ತಿಗೆ ಚನ್ನಗಿರಿ ಕಡೆ ಹೋದರೆ ಹಸಿ ಅಡಿಕೆ ಸುಲಿಯುವ ಹೆಂಗಸರ ಕೈ ಒಮ್ಮೆ ನೋಡಿ. ಬೆರಳ ತುದಿ, ಉಗುರಿನ ಸಂದು, ಅಂಗೈಯ ಗೆರೆ ಎಲ್ಲ ಕಪ್ಪು. ಸೋಪು ಹಾಕಿ ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಹುಣಸೆಹಣ್ಣೋ ನಿಂಬೆ ಹೋಳೋ ಹಚ್ಚಿ ಉಜ್ಜಿದರೆ ಸ್ವಲ್ಪ ತಿಳಿಯಾಗುತ್ತದೆ, ಅಷ್ಟೇ. ಚಿಕ್ಕವನಿದ್ದಾಗ ನಾನು ಅದನ್ನು ಅಡಿಕೆಯ ಕೊಳೆ ಅಂದುಕೊಂಡಿದ್ದೆ. ಆದರೆ ಹಸಿ ಅಡಿಕೆಯ ಸಿಪ್ಪೆ ಹಸಿರು, ಒಳಗಿನ ಕಾಯಿ ಬೆಳ್ಳಗೆ. ಅದರಲ್ಲಿ ಕಪ್ಪು ಎಲ್ಲೂ ಇಲ್ಲ. ಮತ್ತೆ ಕೈಗೆ ಬಂದದ್ದು ಎಲ್ಲಿಂದ?

ಅರ್ಧ ಅಡಿಕೆಯಿಂದ, ಇನ್ನರ್ಧ ಕತ್ತಿಯಿಂದ. ಅಡಿಕೆಯ ರಸದಲ್ಲಿ ಒಗರಿದೆ, ಕತ್ತಿಯಲ್ಲಿ ಕಬ್ಬಿಣವಿದೆ. ಎರಡೂ ಕೂಡಿದರೆ ಕಪ್ಪು ಬಣ್ಣ ಹುಟ್ಟುತ್ತದೆ. ಹುಳಿ ಹಚ್ಚಿದಾಗ ಅದು ಕಬ್ಬಿಣವನ್ನು ಬಿಡಿಸಿಕೊಂಡು ಹೋಗುತ್ತದೆ, ಕಲೆ ತಿಳಿಯಾಗುತ್ತದೆ. ಬಟ್ಟೆಗೆ ಕಪ್ಪು ಹಾಕಲು ಬಣ್ಣಗಾರರು ತಲೆತಲಾಂತರದಿಂದ ಮಾಡಿಕೊಂಡು ಬಂದ ಕೆಲಸ ಇದೇ. ಇಲ್ಲಿ ಅದು ಯಾರಿಗೂ ಬೇಡದೆ ಕೂಲಿ ಹೆಂಗಸರ ಬೆರಳ ಮೇಲೆ ಆಗುತ್ತದೆ.

ಬಣ್ಣ ಹಾಕುವವರು, ತೊಗಲು ಹದ ಮಾಡುವವರು, ನಾಟಿ ಔಷಧ ಕೊಡುವವರು. ಈ ಮೂವರಿಗೂ ಒಬ್ಬರ ಕಸುಬು ಇನ್ನೊಬ್ಬರಿಗೆ ಸಂಬಂಧವಿಲ್ಲ. ಆದರೂ ಮೂವರೂ ಹೋಗಿ ನಿಲ್ಲುವುದು ಅವೇ ಮರಗಳ ಬುಡದಲ್ಲಿ. ಅಳಲೆಕಾಯಿ, ಕರಿಜಾಲಿ ತೊಗಟೆ, ಆವರಿಕೆ, ದಾಳಿಂಬೆ ಸಿಪ್ಪೆ, ಕಾಚು. ಯಾಕೆ ಅಂತ ಕೇಳಿಕೊಂಡರೆ ಉತ್ತರ ನಮ್ಮ ನಾಲಿಗೆಯ ಮೇಲೇ ಇದೆ.

ನಾಲಿಗೆ ಒಣಗುವುದು ಯಾಕೆ?

ಒಗರು ಅಂದರೇನು ಅಂತ ಹೇಳುವುದು ಕಷ್ಟ. ತಿಂದರೆ ತಕ್ಷಣ ಗೊತ್ತಾಗುತ್ತದೆ. ಸರಿಯಾಗಿ ಹಣ್ಣಾಗದ ನೇರಳೆಯನ್ನು ಬಾಯಿಗೆ ಹಾಕಿಕೊಳ್ಳಿ. ನಾಲಿಗೆ ದಪ್ಪಗಾದ ಹಾಗೆ, ಕೆನ್ನೆ ಒಳಕ್ಕೆ ಎಳೆದ ಹಾಗೆ, ಹಲ್ಲಿನ ಮೇಲೆ ಮರಳು ಕೂತ ಹಾಗೆ ಆಗುತ್ತದೆ. ನಮ್ಮ ಹಿರಿಯರು ಆರು ರುಚಿಗಳಲ್ಲಿ ಒಗರಿಗೂ ಒಂದು ಜಾಗ ಕೊಟ್ಟರು. ಇವತ್ತಿನ ವಿಜ್ಞಾನ ಅದನ್ನು ರುಚಿ ಅನ್ನುವುದಕ್ಕಿಂತ ಹೆಚ್ಚಾಗಿ ಮುಟ್ಟಿದ ಅನುಭವ ಅನ್ನುತ್ತದೆ.

ನಮ್ಮ ಜೊಲ್ಲಿನಲ್ಲಿ ಕೆಲವು ಪ್ರೋಟೀನ್‌ಗಳಿವೆ. ಬಾಯೊಳಗೆ ಜಾರುವ ಗುಣ ಇರುವುದು ಅವುಗಳಿಂದ. ಒಗರು ಪದಾರ್ಥದಲ್ಲಿರುವ ಟ್ಯಾನಿನ್ ಈ ಪ್ರೋಟೀನ್‌ಗಳನ್ನು ಕಂಡರೆ ಬಿಡುವುದಿಲ್ಲ. ಒಂದು ಟ್ಯಾನಿನ್ ಕಣಕ್ಕೆ ಹತ್ತಾರು ಕೈಗಳಿವೆ ಅಂದುಕೊಳ್ಳಿ. ಒಂದು ಕೈಯಲ್ಲಿ ಒಂದು ಪ್ರೋಟೀನ್ ಎಳೆ, ಇನ್ನೊಂದು ಕೈಯಲ್ಲಿ ಮತ್ತೊಂದು. ಹೀಗೆ ಎಳೆ ಎಳೆಗಳನ್ನು ಕಟ್ಟುತ್ತಾ ಹೋಗಿ ಗಂಟು ಮಾಡಿಬಿಡುತ್ತದೆ. ಗಂಟಾದ ಪ್ರೋಟೀನ್ ಜೊಲ್ಲಿನಿಂದ ಬೇರೆಯಾಗುತ್ತದೆ. ಜಾರು ಹೋಯಿತು, ನಾಲಿಗೆ ಒರಟಾಯಿತು. ಬಾಯಿ ಒಣಗಿದ ಹಾಗೆ ಅನ್ನಿಸುವುದು ನೀರು ಕಡಿಮೆಯಾಗಿ ಅಲ್ಲ, ಆ ಜಾರು ಹೋಗಿದ್ದರಿಂದ.

ಟ್ಯಾನಿನ್‌ಗೆ ಎಲ್ಲ ಪ್ರೋಟೀನೂ ಒಂದೇ ಅಲ್ಲ. ಪ್ರೋಲೀನ್ ಎಂಬ ಅಮೈನೋ ಆಮ್ಲ ಜಾಸ್ತಿ ಇರುವ ಪ್ರೋಟೀನ್ ಅಂದರೆ ಅದಕ್ಕೆ ಹೆಚ್ಚು ಇಷ್ಟ. ಜೊಲ್ಲಿನ ಆ ಪ್ರೋಟೀನ್‌ಗಳಲ್ಲಿ ಪ್ರೋಲೀನ್ ತುಂಬಿದೆ. ಇನ್ನೊಂದು ಕಡೆಯೂ ಅದು ಬೇಕಾದಷ್ಟಿದೆ: ಚರ್ಮದ ಎಳೆಗಳ ಪ್ರೋಟೀನ್ ಆದ ಕೊಲಾಜೆನ್‌ನಲ್ಲಿ. ಹಸಿ ನೇರಳೆ ತಿಂದಾಗ ನಾಲಿಗೆಯ ಮೇಲೆ ಆಗುವುದೂ, ಎಮ್ಮೆ ತೊಗಲು ಆವರಿಕೆ ನೀರಿನಲ್ಲಿ ಬಿದ್ದಾಗ ಆಗುವುದೂ ಹೆಚ್ಚುಕಮ್ಮಿ ಒಂದೇ ಕೆಲಸ. ನಾಲಿಗೆಯಲ್ಲಿ ಅರೆಗಳಿಗೆ, ತೊಗಲಿನಲ್ಲಿ ವಾರಗಟ್ಟಲೆ.

ಗಿಡ ಇದನ್ನು ನಮಗೋಸ್ಕರ ಮಾಡುವುದಿಲ್ಲ. ಹುಳು ತಿನ್ನಬಾರದು, ಆಡು ಮೇಯಬಾರದು, ಅದಕ್ಕೆ. ತಿಂದವರ ಬಾಯಿಗೂ ಹೊಟ್ಟೆಗೂ ಒಗರು ತೊಂದರೆ ಕೊಡುತ್ತದೆ. ಹಣ್ಣು ಕಾಯಾಗಿರುವಾಗ ಒಗರು, ಬೀಜ ಬಲಿತ ಮೇಲೆ ಸಿಹಿ. ಹಿರಿಯೂರಿನಿಂದ ಚಿತ್ರದುರ್ಗದ ಕಡೆ ಹೆದ್ದಾರಿಯಲ್ಲಿ ಬರುವಾಗ ರಸ್ತೆ ಪಕ್ಕ ಹಳದಿ ಹೂ ಬಿಟ್ಟು ನಿಂತಿರುವ ಆವರಿಕೆ ಪೊದೆ ನೋಡಿರುತ್ತೀರಿ. ಕೆಲವರು ತಂಗಡಿ ಅನ್ನುತ್ತಾರೆ. ಸುತ್ತ ಹುಲ್ಲೆಲ್ಲ ಮೇಯ್ದು ಬೋಳಾಗಿದ್ದರೂ ಅದು ಹಾಗೇ ಇರುತ್ತದೆ. ದನ, ಕುರಿ ಅದರ ತಂಟೆಗೆ ಹೆಚ್ಚಾಗಿ ಹೋಗುವುದಿಲ್ಲ. ಮಳೆ ಕಡಿಮೆ, ಮೇಯುವ ಬಾಯಿ ಜಾಸ್ತಿ ಇರುವ ಈ ಸೀಮೆಯಲ್ಲಿ ಬದುಕಬೇಕಾದರೆ ಗಿಡಕ್ಕೆ ಮುಳ್ಳು ಬೇಕು, ಇಲ್ಲ ಒಗರು ಬೇಕು. ಜಾಲಿ ಎರಡನ್ನೂ ಇಟ್ಟುಕೊಂಡಿದೆ.

ಈ ಗುಟ್ಟು ಭಾಷೆಗೆ ಮೊದಲೇ ಗೊತ್ತಿತ್ತೇನೋ ಅನ್ನಿಸುತ್ತದೆ. ಸಂಸ್ಕೃತದಿಂದ ನಮಗೆ ಬಂದ 'ಕಷಾಯ' ಎಂಬ ಮಾತು ತೆಗೆದುಕೊಳ್ಳಿ. ಅದರ ಒಂದು ಅರ್ಥ ಒಗರು ರುಚಿ. ಇನ್ನೊಂದು, ನೆಗಡಿಗೆ ಕುದಿಸಿ ಕುಡಿಯುವ ಔಷಧ. ಅದರಿಂದಲೇ ಹುಟ್ಟಿದ ಮತ್ತೊಂದು ಮಾತು ಕಾಷಾಯ, ಅಂದರೆ ಸನ್ಯಾಸಿಗಳು ಉಡುವ ಬಣ್ಣದ ಬಟ್ಟೆ. ರುಚಿ, ಮದ್ದು, ಬಣ್ಣ ಮೂರೂ ಒಂದೇ ಮಾತಿನ ಮಕ್ಕಳು.

ತೊಗಲಿಗೆ ಹದ

ಸತ್ತ ಪ್ರಾಣಿಯ ತೊಗಲನ್ನು ಸುಮ್ನೆ ಬಿಟ್ಟರೆ ಎರಡೇ ದಿನದಲ್ಲಿ ಕೊಳೆಯುತ್ತದೆ. ಒಣಗಿಸಿದರೆ ಹಲಗೆಯ ಹಾಗೆ ಸೆಟೆದುಕೊಳ್ಳುತ್ತದೆ, ಮತ್ತೆ ನೀರು ಬಿದ್ದರೆ ಕೊಳೆಯಲು ಶುರು. ಬಿಸಿನೀರಿಗೆ ಹಾಕಿದರೆ ಸುಮಾರು 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿದ್ದಂತೆ ಮುದುಡಿ, ಇನ್ನೂ ಕಾಯಿಸಿದರೆ ಕರಗಿ ಅಂಟಾಗುತ್ತದೆ. ತೊಗಲು ಚರ್ಮ ಆಗಬೇಕಾದರೆ ಈ ಮೂರೂ ತಪ್ಪಬೇಕು. ಕೊಳೆಯಬಾರದು, ಸೆಟೆಯಬಾರದು, ಬಿಸಿಗೆ ಬೇಗ ಮುದುಡಬಾರದು.

ಎಲ್ಲ ತೊಗಲಿಗೂ ಈ ಹದ ಬೇಕಿಲ್ಲ ಅನ್ನಿ. ತಮಟೆಗೆ ಬೇಕಾದದ್ದು ಹಸಿ ತೊಗಲು ಒಣಗಿ ಸೆಟೆದುಕೊಳ್ಳುವ ಗುಣವೇ. ಬಾರಿಸುವ ಮುಂಚೆ ಬೆಂಕಿಗೆ ಹಿಡಿದು ಬಿಗಿ ಮಾಡುವುದು ಅದಕ್ಕೇ. ಹದ ಮಾಡಿದ ಚರ್ಮ ಹಾಕಿದರೆ ತಮಟೆ ಮೂಗಿಯಾಗುತ್ತದೆ. ತೊಗಲುಗೊಂಬೆಗೂ ಬೆಳಕು ತೂರಿ ಬರುವ ಹಸಿ ತೊಗಲೇ ಬೇಕು. ಆದರೆ ಚಪ್ಪಲಿಗೆ, ಎತ್ತಿನ ಮಿಣಿಗೆ, ಹಿಂದೆ ಕಪಿಲೆ ಬಾವಿಯಲ್ಲಿ ನೀರೆತ್ತುತ್ತಿದ್ದ ದೊಡ್ಡ ಚರ್ಮದ ಚೀಲಕ್ಕೆ ಹದ ಇಲ್ಲದೆ ಆಗುತ್ತಿರಲಿಲ್ಲ. ದಿನವಿಡೀ ನೀರಲ್ಲಿ ಮುಳುಗೇಳುವ ಚೀಲ ಅದು.

ಹದ ಮಾಡುವ ರೀತಿ ಹೀಗೆ. ಮೊದಲು ತೊಗಲನ್ನು ನೀರಲ್ಲಿ ನೆನೆಸುತ್ತಾರೆ. ಆಮೇಲೆ ಸುಣ್ಣದ ತೊಟ್ಟಿಯಲ್ಲಿ ಕೆಲವು ದಿನ ಇಡುತ್ತಾರೆ. ಸುಣ್ಣ ಕೂದಲಿನ ಬೇರು ಸಡಿಲ ಮಾಡುತ್ತದೆ, ತೊಗಲಿನ ಎಳೆಗಳನ್ನು ಉಬ್ಬಿಸಿ ಬಿಡಿಬಿಡಿ ಮಾಡುತ್ತದೆ. ಕೂದಲು ಹೆರೆದು, ಒಳಗಿನ ಮಾಂಸ ಹೆರೆದು, ಸುಣ್ಣ ಹೋಗುವ ತನಕ ತೊಳೆದ ಮೇಲೆ ತೊಗಟೆಯ ನೀರಿನ ಸರದಿ. ಆವರಿಕೆ ಕೊಂಬೆ ಕಡಿದು, ತೊಗಟೆ ಜಜ್ಜಿ ಬಿಡಿಸಿ, ಒಣಗಿಸಿ ಕುಟ್ಟಿ ನೆನೆಹಾಕಿದ ಕೆಂಪು ನೀರು ಅದು. ತೊಗಟೆಯಲ್ಲಿ ಆರನೆಯ ಒಂದು ಪಾಲಿನ ಆಸುಪಾಸು ಟ್ಯಾನಿನ್ ಇರುತ್ತದೆ.

ಇಲ್ಲೊಂದು ಜಾಣತನವಿದೆ. ತೊಗಲನ್ನು ಮೊದಲು ಹಳೆಯ, ಸಪ್ಪೆ ನೀರಿಗೆ ಹಾಕಬೇಕು. ದಿನ ಕಳೆದ ಹಾಗೆ ಹೊಸ, ಗಟ್ಟಿ ನೀರಿಗೆ ಬದಲಿಸಬೇಕು. ಅವಸರ ಮಾಡಿ ಮೊದಲೇ ಗಟ್ಟಿ ನೀರಿಗೆ ಹಾಕಿದರೆ ಟ್ಯಾನಿನ್ ಮೇಲ್ಪದರದ ಎಳೆಗಳನ್ನೆಲ್ಲ ಒಂದೇ ಸಲ ಕಟ್ಟಿ ಬಾಗಿಲು ಮುಚ್ಚಿಬಿಡುತ್ತದೆ. ಹೊರಗೆ ಚರ್ಮ, ಒಳಗೆ ಹಸಿ ತೊಗಲು. ಆರು ತಿಂಗಳಲ್ಲಿ ಒಳಗಿಂದ ಕೊಳೆತು ಕೈಕೊಡುತ್ತದೆ. ಕೊನೆಗೆ ತೊಗಲನ್ನೇ ಚೀಲದ ಹಾಗೆ ಹೊಲಿದು, ಒಳಗೆ ತೊಗಟೆ ತುಂಬಿ, ನೀರು ಹುಯ್ದು ತೂಗುಹಾಕುವ ಪದ್ಧತಿಯೂ ಇತ್ತು. ಒಳಗಿನ ನೀರು ತನ್ನ ಭಾರಕ್ಕೆ ತೊಗಲಿನ ರಂಧ್ರಗಳಲ್ಲಿ ಜಿನುಗಿ ಹೊರಬರುತ್ತಿತ್ತು. ತೊಗಲೇ ಪಾತ್ರೆ, ತೊಗಲೇ ಸೋಸುವ ಬಟ್ಟೆ. ಆಮೇಲೆ ಅಳಲೆಕಾಯಿ ನೀರು, ಕಡೆಗೆ ಹೊಂಗೆ ಎಣ್ಣೆಯೋ ಎಳ್ಳೆಣ್ಣೆಯೋ ತಿಕ್ಕಿದರೆ ಮುಗಿಯಿತು. ಹೀಗೆ ಹದವಾದ ಚರ್ಮ 75-80 ಡಿಗ್ರಿ ತನಕ ಬಿಸಿ ತಡೆಯುತ್ತದೆ. ಕೊಲಾಜೆನ್ ಎಳೆಗಳ ನಡುವೆ ನೀರಿದ್ದ ಜಾಗದಲ್ಲಿ ಈಗ ಟ್ಯಾನಿನ್ ಕೂತಿದೆ. ಕೊಳೆಸುವ ಸೂಕ್ಷ್ಮಜೀವಿಗೆ ಬಾಯಿ ಹಾಕಲು ಎಡೆಯೇ ಸಿಗುವುದಿಲ್ಲ.

ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಇಷ್ಟು ಸೂಕ್ಷ್ಮದ ವಿದ್ಯೆ ಇದು. ಆದರೆ ಇದನ್ನು ಮಾಡಿದವರನ್ನು ಊರ ಹೊರಗೆ ಇಟ್ಟೆವು. ಹನ್ನೆರಡನೆಯ ಶತಮಾನದ ಶರಣ ಡೋಹರ ಕಕ್ಕಯ್ಯನವರ ಕಾಯಕ ತೊಗಲು ಹದ ಮಾಡುವುದು. ಅವರ ಹೆಸರಿನಲ್ಲೇ ಆ ಕಸುಬು ಇದೆ. ವೈದ್ಯರ ಕಷಾಯಕ್ಕೆ ಗ್ರಂಥ ಸಿಕ್ಕಿತು. ತೊಟ್ಟಿಯ ಕಷಾಯಕ್ಕೆ ಸಿಕ್ಕಿದ್ದು ಮೂಗು ಮುಚ್ಚಿಕೊಳ್ಳುವ ಕೈ. ಎರಡರೊಳಗಿನ ಸಾಮಾನು ಒಂದೇ ಆಗಿತ್ತು.

ಆವರಿಕೆ ತೊಗಟೆಗೆ ಮದರಾಸು ಪ್ರಾಂತ್ಯದ ಚರ್ಮದ ವ್ಯಾಪಾರದಲ್ಲಿ ಒಂದು ಕಾಲಕ್ಕೆ ದೊಡ್ಡ ಬೇಡಿಕೆ ಇತ್ತು. ಇಪ್ಪತ್ತನೆಯ ಶತಮಾನದ ಮೊದಲಲ್ಲಿ ದಕ್ಷಿಣ ಆಫ್ರಿಕಾದಿಂದ ವಾಟಲ್ ಎಂಬ ಮರದ ತೊಗಟೆ ಬಂದು ಅದನ್ನು ಹಿಂದೆ ಹಾಕಿತು. ಅದಕ್ಕೂ ಮೊದಲೇ, 1884ರಲ್ಲಿ, ಅಮೆರಿಕದ ಆಗಸ್ಟಸ್ ಷುಲ್ಟ್ಸ್ ಕ್ರೋಮಿಯಂ ಲವಣದಿಂದ ಹದ ಮಾಡುವ ವಿಧಾನಕ್ಕೆ ಪೇಟೆಂಟ್ ಪಡೆದಿದ್ದ. ವಾರಗಟ್ಟಲೆ ಹಿಡಿಯುತ್ತಿದ್ದ ಕೆಲಸ ಒಂದೆರಡು ದಿನಕ್ಕೆ ಇಳಿಯಿತು, ಚರ್ಮ ಕುದಿಯುವ ನೀರನ್ನೂ ತಡೆಯಿತು. ಇವತ್ತು ನಾವು ಹಾಕುವ ಚರ್ಮದ ಬೂಟುಗಳಲ್ಲಿ ಬಹುಪಾಲು ಕ್ರೋಮ್ ಹದದವು. ಆ ಕೊಳಕು ನೀರು ಕೆರೆಗೆ, ಬಾವಿಗೆ ಸೇರಿದರೆ ಆಗುವ ಅನಾಹುತ ಬೇರೆಯೇ ಕಥೆ.

ಹತ್ತಿ, ಉಣ್ಣೆ, ರೇಷ್ಮೆ

ಬಣ್ಣದ ವಿಷಯಕ್ಕೆ ನಮ್ಮ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಷ್ಟು ಒಳ್ಳೆಯ ಪಾಠಶಾಲೆ ಇನ್ನೊಂದಿಲ್ಲ. ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡಿದ್ದ ದಾವಣಗೆರೆಯದು ಹತ್ತಿ. ಚಳ್ಳಕೆರೆಯ ಕಂಬಳಿಯದು ಉಣ್ಣೆ. ಮೊಳಕಾಲ್ಮೂರಿನ ಸೀರೆಯದು ರೇಷ್ಮೆ. ಮೂರು ನೂಲು, ಮೂರು ಸ್ವಭಾವ.

ಉಣ್ಣೆ ಮತ್ತು ರೇಷ್ಮೆ ಪ್ರಾಣಿಗಳಿಂದ ಬಂದವು, ಎರಡೂ ಪ್ರೋಟೀನ್. ಬಣ್ಣವನ್ನು ಅವು ಸಲೀಸಾಗಿ ಹಿಡಿದುಕೊಳ್ಳುತ್ತವೆ. ಹತ್ತಿ ಹಾಗಲ್ಲ. ಅದು ಸೆಲ್ಯುಲೋಸ್, ಅಂದರೆ ಗಿಡದ ನಾರು. ಬಣ್ಣದ ನೀರಿಗೆ ಅದ್ದಿ ತೆಗೆದರೆ ಚಂದ ಕಾಣುತ್ತದೆ, ಎರಡು ಒಗೆತಕ್ಕೆ ಬಣ್ಣ ಬಿಟ್ಟು ಹೋಗುತ್ತದೆ. ಹಾಗಾಗಿ ಹತ್ತಿಗೆ ಮೊದಲು ಅಳಲೆಕಾಯಿ ನೀರು ಕುಡಿಸುತ್ತಾರೆ. ಅಳಲೆಕಾಯಿಯ ತಿರುಳಿನಲ್ಲಿ ಸುಮಾರು ಮೂರನೆಯ ಒಂದು ಪಾಲು ಟ್ಯಾನಿನ್. ಅದು ನಾರಿಗೆ ಅಂಟಿಕೊಳ್ಳುತ್ತದೆ. ಆಮೇಲೆ ಪಟಿಕದ ನೀರು. ಪಟಿಕದ ಅಲ್ಯೂಮಿನಿಯಂ ಟ್ಯಾನಿನ್ನನ್ನು ಹಿಡಿದುಕೊಳ್ಳುತ್ತದೆ. ಕೊನೆಗೆ ಬಣ್ಣ ಬಂದು ಅಲ್ಯೂಮಿನಿಯಂ ಹಿಡಿದುಕೊಳ್ಳುತ್ತದೆ. ಬಸ್ಸಿನಲ್ಲಿ ಸೀಟು ಸಿಗದವರು ಒಬ್ಬರ ಭುಜ ಒಬ್ಬರು ಹಿಡಿದು ನಿಂತ ಹಾಗೆ. ಬಣ್ಣ ನೇರವಾಗಿ ನೂಲನ್ನು ಹಿಡಿದಿಲ್ಲ, ಆದರೆ ಬೀಳುವುದೂ ಇಲ್ಲ.

ನಡುವಿನ ಲೋಹ ಬದಲಾಯಿಸಿದರೆ ಬಣ್ಣವೇ ಬದಲು. ದಾಳಿಂಬೆ ಸಿಪ್ಪೆಯ ನೀರಿಗೆ ಪಟಿಕ ಹಾಕಿದರೆ ಹಳದಿ, ಅನ್ನಭೇದಿ ಹಾಕಿದರೆ ಕಪ್ಪಿಗೆ ತಿರುಗುವ ಬೂದು. ಅನ್ನಭೇದಿ ಅಂದರೆ ಕಬ್ಬಿಣದ ಸಲ್ಫೇಟ್, ಗ್ರಂಥಿಗೆ ಅಂಗಡಿಯಲ್ಲಿ ಸಿಗುವ ತಿಳಿ ಹಸಿರು ಹರಳು. ಹಿರಿಯೂರು, ಹೊಸದುರ್ಗದ ಕಡೆ ದಾಳಿಂಬೆ ತೋಟ ಬೇಕಾದಷ್ಟಿವೆ. ಸಿಪ್ಪೆ ತಿಪ್ಪೆಗೆ ಹೋಗುತ್ತದೆ.

ಟ್ಯಾನಿನ್‌ಗಳಲ್ಲಿ ಎರಡು ಬಳಗ. ಅಳಲೆ, ದಾಳಿಂಬೆಯದು ಒಂದು. ಇವು ಚರ್ಮಕ್ಕೆ ತಿಳಿ ಹಳದಿ ಕೊಡುತ್ತವೆ, ಕಬ್ಬಿಣ ಸೇರಿದರೆ ನೀಲಿಗಪ್ಪು. ಹಳೆಯ ಶಾಯಿ ಮಾಡುತ್ತಿದ್ದದ್ದು ಇದರಿಂದಲೇ. ಅಡಿಕೆ, ಆವರಿಕೆ, ಜಾಲಿ, ಕಾಚಿನದು ಇನ್ನೊಂದು ಬಳಗ. ಕಬ್ಬಿಣ ಸೇರಿದರೆ ಹಸಿರು ಛಾಯೆಯ ಕಪ್ಪು. ಕುದಿಸಿದರೆ, ಗಾಳಿ ತಗುಲಿದರೆ, ಸುಣ್ಣ ಸೋಕಿದರೆ ಕೆಂಪಗಾಗುತ್ತವೆ. ಬೆಳ್ಳಗಿದ್ದ ಅಡಿಕೆ ಬೆಂದ ಮೇಲೆ ಕೆಂಪಡಿಕೆ ಆಗುವುದು ಇದರಿಂದ. ಎಲೆ, ಅಡಿಕೆ, ಸುಣ್ಣ, ಕಾಚು ಸೇರಿದಾಗ ಬಾಯಿ ಕೆಂಪಾಗುವುದೂ ಇದರಿಂದಲೇ. ನಮ್ಮಜ್ಜಿಯ ಎಲೆಅಡಿಕೆ ಚೀಲ ಒಂದು ಬಣ್ಣದ ಕಾರ್ಖಾನೆ ಆಗಿತ್ತು ಅಂತ ಆಗ ಗೊತ್ತಿರಲಿಲ್ಲ.

ಅಡಿಕೆ ಬೇಯಿಸಿ ಉಳಿದ ಕೆಂಪು ಗಟ್ಟಿ ನೀರೇ ಚೊಗರು. ಚನ್ನಗಿರಿ, ಹೊಳಲ್ಕೆರೆ ಕಡೆ ಬೆಳೆಗಾರರಿಗೆ ಇದರ ಬೆಲೆ ಗೊತ್ತು. ಡ್ರಮ್ಮಿನಲ್ಲಿ ತುಂಬಿಟ್ಟು ಮುಂದಿನ ವರ್ಷದ ಮೊದಲ ಬೇಯಿಸುವಿಕೆಗೆ ಬಳಸುತ್ತಾರೆ. ಅಡಿಕೆಗೆ ಬಣ್ಣ, ಹೊಳಪು ಬರುತ್ತದೆ. ಪಕ್ಕದ ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ಚರಕ ಸಂಸ್ಥೆಯವರು ಇದೇ ಚೊಗರಿನಿಂದ ಕೈಮಗ್ಗದ ಹತ್ತಿ ಬಟ್ಟೆಗೆ ಬಣ್ಣ ಹಾಕುತ್ತಾರೆ. ಆ ಕಂದುಗೆಂಪು ನೋಡಿದರೆ ಬೇಯಿಸಿದ ಅಡಿಕೆಯ ನೆನಪೇ ಬರಬೇಕು.

ಕಂಬಳಿಗೆ ಮಾತ್ರ ಇದ್ಯಾವುದರ ಗೊಡವೆ ಇಲ್ಲ. ಕರಿಕಂಬಳಿಯ ಕಪ್ಪು ಕುರಿಯೇ ಕೊಟ್ಟದ್ದು. ಅದಕ್ಕೆ ಗಿಡದಿಂದ ಬೇಕಾದದ್ದು ಹುಣಸೆ ಬೀಜದ ಗಂಜಿ, ನೂಲು ಗಟ್ಟಿಯಾಗಲು. ಬಣ್ಣ ಹಾಕದ ಬಟ್ಟೆಯ ಬಣ್ಣ ಹೋಗುವುದೂ ಇಲ್ಲ, ಅಲ್ವಾ?

ಎಲ್ಲ ಬಣ್ಣವೂ ಒಗರಿನ ಮಕ್ಕಳಲ್ಲ. ಅರಿಶಿನಕ್ಕೆ ಯಾರ ಸಹಾಯವೂ ಬೇಡ, ಹತ್ತಿಗೂ ನೇರ ಅಂಟುತ್ತದೆ. ಆದರೆ ಬಿಸಿಲಿಗೆ ಹಾಕಿದರೆ ಮಾಯ. ಅದಕ್ಕೆ ಸುಣ್ಣವೋ ಸೋಪೋ ತಗುಲಿದರೆ ಕೆಂಪಾಗುತ್ತದೆ. ಆರತಿ ತಟ್ಟೆಯ ಕೆಂಪು ನೀರು ಅದೇ. ನೀಲಿಯದು ಇನ್ನೂ ವಿಚಿತ್ರ. ನೀಲಿ ಗಿಡದ ಎಲೆಯಲ್ಲಿ ನೀಲಿ ಇರುವುದಿಲ್ಲ. ನೆನೆಹಾಕಿ, ಆ ನೀರನ್ನು ಗಾಳಿಯಾಡುವಂತೆ ಬಡಿದಾಗ ನೀಲಿ ಹುಟ್ಟಿ ಕೆಳಗೆ ಕೂರುತ್ತದೆ. ಅದು ನೀರಲ್ಲಿ ಕರಗುವುದಿಲ್ಲ. ಸುಣ್ಣ, ಚಗಚೆ ಬೀಜ ಹಾಕಿ ಹುಳಿಬರಿಸಿದರೆ ಹಳದಿಹಸಿರಾಗಿ ಕರಗುತ್ತದೆ. ಬಟ್ಟೆ ಅದ್ದಿ ತೆಗೆದು ಗಾಳಿಗೆ ಹಿಡಿದರೆ ಕಣ್ಣೆದುರೇ ಹಸಿರು ಹೋಗಿ ನೀಲಿ ಬರುತ್ತದೆ.

1856ರಲ್ಲಿ ಲಂಡನ್ನಿನಲ್ಲಿ 18 ವರ್ಷದ ವಿಲಿಯಂ ಪರ್ಕಿನ್ ಮಲೇರಿಯಾದ ಔಷಧ ಕ್ವಿನೈನ್ ಮಾಡಲು ಹೊರಟ. ಅದೂ ಮರದ ತೊಗಟೆಯಿಂದ ಬರುತ್ತಿದ್ದ ಮದ್ದೇ. ಸಿಕ್ಕಿದ್ದು ನೇರಳೆ ಬಣ್ಣ. ಮದ್ದು ಹುಡುಕಿ ಬಣ್ಣ ಸಿಕ್ಕಿತು. 1935ರಲ್ಲಿ ಜರ್ಮನಿಯ ಡೋಮಾಕ್ ಪ್ರಾಂಟೋಸಿಲ್ ಎಂಬ ಕೆಂಪು ಬಣ್ಣ ಸೋಂಕು ವಾಸಿ ಮಾಡುತ್ತದೆ ಎಂದು ತೋರಿಸಿದ. ಬಣ್ಣ ನೋಡಿ ಮದ್ದು ಸಿಕ್ಕಿತು. ಈ ನಡುವೆ 1897ರಲ್ಲಿ ಕಾರ್ಖಾನೆಯ ನೀಲಿ ಮಾರುಕಟ್ಟೆಗೆ ಬಂದು ಹೊಲದ ನೀಲಿಯ ಕಥೆ ಮುಗಿಸಿತು.

ಹೊಟ್ಟೆಗೂ ಗಾಯಕ್ಕೂ

ಭೇದಿಗೆ ದಾಳಿಂಬೆ ಸಿಪ್ಪೆಯ ಕಷಾಯ, ಸೀಬೆ ಚಿಗುರು, ವಸಡು ಸಡಿಲಾದರೆ ಕರಿಜಾಲಿ ತೊಗಟೆಯ ನೀರು ಮುಕ್ಕಳಿಸುವುದು. ಮನೆಮದ್ದಿನ ಈ ಸಾಲಿನಲ್ಲಿ ಎಲ್ಲವೂ ಒಗರು. ಕೆಲಸ ಮಾಡುವ ರೀತಿ ತೊಗಲಿನದ್ದೇ. ಗಾಯದ ಮೇಲೆ, ವಸಡಿನ ಮೇಲೆ, ಕರುಳಿನ ಒಳಪದರದ ಮೇಲೆ ಟ್ಯಾನಿನ್ ಅಲ್ಲಿನ ಪ್ರೋಟೀನ್‌ಗಳನ್ನು ಕಟ್ಟಿ ತೆಳುವಾದ ಪೊರೆ ಮಾಡುತ್ತದೆ. ಜಿನುಗುವುದು ಕಡಿಮೆಯಾಗುತ್ತದೆ. ಮೇಲುಮೇಲಿನ, ತಾತ್ಕಾಲಿಕ ಹದ.

ಹಾಗಂತ ಜಾಸ್ತಿ ಹಾಕಿದರೆ ಜಾಸ್ತಿ ಒಳ್ಳೆಯದು ಅಂತ ಅಲ್ಲ. 1925ರಲ್ಲಿ ಅಮೆರಿಕದ ವೈದ್ಯ ಎಡ್ವರ್ಡ್ ಡೇವಿಡ್ಸನ್ ಸುಟ್ಟ ಗಾಯಕ್ಕೆ ಟ್ಯಾನಿಕ್ ಆಮ್ಲ ಹಚ್ಚುವ ಚಿಕಿತ್ಸೆ ಮುಂದಿಟ್ಟ. ಗಾಯ ಚರ್ಮದ ಹಾಗೆ ಗಟ್ಟಿಯಾಗಿ, ನೀರು ಸೋರುವುದು ನಿಲ್ಲುತ್ತಿತ್ತು. ಆಸ್ಪತ್ರೆಗಳು ಅದನ್ನು ಬಹಳ ಮೆಚ್ಚಿದವು. 1940ರ ದಶಕದಲ್ಲಿ ಗೊತ್ತಾಯಿತು, ಸುಟ್ಟ ಜಾಗದಿಂದ ಅದು ರಕ್ತಕ್ಕೆ ಇಳಿದು ಯಕೃತ್ತನ್ನು ಹಾಳು ಮಾಡುತ್ತಿತ್ತು. ಕೈಬಿಟ್ಟರು. ಅಡಿಕೆಯ ವಿಷಯವೂ ಇಲ್ಲೇ ಹೇಳಬೇಕು. ನಮ್ಮ ಜಿಲ್ಲೆಯ ಜೇಬು ತುಂಬುವ ಬೆಳೆ ಅದು ನಿಜ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಹೊಗೆಸೊಪ್ಪಿಲ್ಲದ ಅಡಿಕೆಯನ್ನೂ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ.

ಗಿಡವೊಂದು ಒಂದೇ ಪದಾರ್ಥದ ಪೊಟ್ಟಣ ಅಲ್ಲ ಅನ್ನುವುದನ್ನೂ ಮರೆಯಬಾರದು. ಒಗರು ಮಲ ಕಟ್ಟಬೇಕು. ಆದರೆ ಅಷ್ಟೊಂದು ಒಗರಿರುವ ಅಳಲೆಕಾಯಿಯನ್ನು ಆಯುರ್ವೇದ ಕೊಡುವುದು ಹೊಟ್ಟೆ ಸಡಿಲ ಮಾಡಲು. ತಾರೆಕಾಯಿ, ನೆಲ್ಲಿಕಾಯಿ ಜೊತೆ ಸೇರಿ ತ್ರಿಫಲ ಆಗುವುದು ಅದೇ. ಅದರಲ್ಲಿ ಟ್ಯಾನಿನ್ ಬಿಟ್ಟು ಬೇರೆ ಪದಾರ್ಥಗಳೂ ಇವೆ. ಎಷ್ಟು ಕೊಡಬೇಕು, ಯಾರಿಗೆ ಕೊಡಬೇಕು ಎಂದು ತಿಳಿಯದೆ ಕಂಡಕಂಡವರಿಗೆಲ್ಲ ಅದನ್ನೇ ಕೊಡುವವನಿಗೆ ನಮ್ಮ ಜನ ಅಳಲೆಕಾಯಿ ಪಂಡಿತ ಅಂತ ಹೆಸರಿಟ್ಟಿದ್ದು ಸುಮ್ನೆ ಅಲ್ಲ. ಈಗ ಶುಗರ್‌ಗೆ ಆವರಿಕೆ ಹೂವಿನ ಕಷಾಯ ಕುಡಿಯಿರಿ, ಮಾತ್ರೆ ಬಿಡಿ ಅಂತ ಫೋನಿನಲ್ಲಿ ಬರುವ ವಿಡಿಯೋ ಪಂಡಿತರೂ ಅದೇ ವಂಶದವರು. ಕಷಾಯ ಕುಡಿಯುವವರು ಡಾಕ್ಟರಿಗೆ ಹೇಳಿ ಕುಡಿಯಲಿ, ಮಾತ್ರೆ ಮಾತ್ರ ಬಿಡಬೇಡಿ.

ಬಣ್ಣಗಾರರ ಅನ್ನಭೇದಿ ಆಸ್ಪತ್ರೆಯಲ್ಲೂ ಇದೆ. ರಕ್ತ ಕಡಿಮೆ ಇದ್ದವರಿಗೆ, ಗರ್ಭಿಣಿಯರಿಗೆ ಕೊಡುವ ಕಬ್ಬಿಣದ ಮಾತ್ರೆಯಲ್ಲಿ ಸಾಮಾನ್ಯವಾಗಿ ಇರುವುದು ಅದೇ ಕಬ್ಬಿಣದ ಸಲ್ಫೇಟ್. ಮಾತ್ರೆ ಕೊಡುವಾಗ ಟೀ ಜೊತೆ ನುಂಗಬೇಡಿ ಅಂತ ಹೇಳುತ್ತಾರೆ. ಯಾಕೆ ಅಂತ ಕೇಳಿದರೆ 'ಮೈಗೆ ಹತ್ತಲ್ಲ' ಅಂತಾರೆ. ಬೇಕಾದರೆ ಹಾಲು ಹಾಕದ ಗಟ್ಟಿ ಟೀ ಡಿಕಾಕ್ಷನ್ನಿಗೆ ಒಂದು ಮಾತ್ರೆ ಪುಡಿ ಮಾಡಿ ಹಾಕಿ ಕಲಕಿ ನೋಡಿ, ಕುಡಿಯಬೇಡಿ ಅಷ್ಟೇ. ಲೋಟದಲ್ಲಿ ಕಪ್ಪಗೆ ತಿರುಗುತ್ತದೆ. ಟೀಯ ಒಗರು ಕಬ್ಬಿಣವನ್ನು ಹಿಡಿದುಕೊಂಡಿತು, ಇನ್ನು ಅದು ರಕ್ತಕ್ಕೆ ಸಲೀಸಾಗಿ ಹೋಗುವುದಿಲ್ಲ. ಲಿಂಬೆರಸದ ಜೊತೆ ನುಂಗಿದರೆ ಒಳ್ಳೆಯದು ಅನ್ನುತ್ತಾರೆ. ಚನ್ನಗಿರಿಯ ಹೆಂಗಸರು ಬೆರಳಿಗೆ ಲಿಂಬೆ ಹೋಳು ತಿಕ್ಕುವಾಗ ಬಿಡಿಸುತ್ತಿರುವುದೂ ಇದೇ ಗಂಟನ್ನು.